ಒಂದು ಸೆಟ್ಟಿನ ಸಂಸಾರ

ಹನುಮಂತನಗರದ ಐವತ್ತು ಅಡಿ ರಸ್ತೆಯ ಯಾವ ದರ್ಶಿನಿಗಾದರೂ ಬೆಳಿಗ್ಗೆ ಎಂಟರ ಹೊತ್ತಿಗೆ ಹೋಗಿ ‘ಒಂದು ಸೆಟ್’ ಎನ್ನಿ. ಯಾವುದರ ಸೆಟ್ ಎಂದು ಯಾರೂ ಕೇಳುವುದಿಲ್ಲ. ಮೂರು ಮೆತ್ತನೆಯ ದೋಸೆ ಒಂದರ ಮೇಲೊಂದು ಕೂತು, ಪಕ್ಕದಲ್ಲಿ ಸಾಗು, ಚಟ್ನಿಯೊಂದಿಗೆ ಬರುತ್ತವೆ. ಮಸಾಲೆ, ಈರುಳ್ಳಿ, ರವೆ, ಬೆಣ್ಣೆ ಎಂದು ಉಳಿದ ಹೆಚ್ಚಿನ ದೋಸೆಗಳಿಗೆ ಹಾಕಿದ ಪದಾರ್ಥದಿಂದ ಹೆಸರು ಬಂದರೆ, ಇದಕ್ಕೆ ಜೊತೆಗೂಡಿ ಬರುವುದರಿಂದ ಹೆಸರು ಬಂತು. ಹಿಟ್ಟಿಗೆ ಬಿದ್ದ ಅವಲಕ್ಕಿ, ಮೆಂತ್ಯ ಯಾವುದೂ ಹೆಸರಿನಲ್ಲಿ ಪಾಲು ಕೇಳಲಿಲ್ಲ. ಇಂಗ್ಲಿಷಿನ ಪದವೊಂದು ಇಷ್ಟು ನಿರಾಯಾಸವಾಗಿ ನಮ್ಮ ತಟ್ಟೆಗೆ ಬಂದು ಕೂತದ್ದು ನನಗೆ ಬಹಳ ಇಷ್ಟದ ಸಂಗತಿ.

ಅದರ ತವರಿನಲ್ಲಿ ಈ ಪದ ಸಣ್ಣ ಆಸಾಮಿಯಲ್ಲ. 1989ರಲ್ಲಿ 20 ಸಂಪುಟಗಳಾಗಿ ಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೆಯ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದದ ನಮೂದು ‘ಸೆಟ್’ ಕ್ರಿಯಾಪದದ್ದು. ಸುಮಾರು 430 ಅರ್ಥಗಳು. ಆಮೇಲಿನ ಪರಿಷ್ಕರಣೆಯಲ್ಲಿ ‘ರನ್’ 645 ಅರ್ಥಗಳೊಂದಿಗೆ ಅದನ್ನು ಹಿಂದೆ ಹಾಕಿತು. ಸೂರ್ಯ ಮುಳುಗುವುದಕ್ಕೂ ಸೆಟ್, ಊಟಕ್ಕೆ ಮೇಜು ಅಣಿ ಮಾಡುವುದಕ್ಕೂ ಸೆಟ್, ಮುರಿದ ಮೂಳೆ ಕೂಡಿಸುವುದಕ್ಕೂ ಬೆಂಕಿ ಹಚ್ಚುವುದಕ್ಕೂ ಅದೇ. ಬೇರು ಹುಡುಕಿದರೆ ಇಲ್ಲಿರುವುದು ಎರಡು ಬೇರೆ ಬೇರೆ ಪದ. ಕ್ರಿಯಾಪದ ಜರ್ಮನಿಕ್ ಮೂಲದ್ದು, ‘ಸಿಟ್’ ಎಂಬುದರ ಪ್ರೇರಣಾರ್ಥಕ. ನಮ್ಮಲ್ಲಿ ಕೂರು ಎಂಬುದು ಕೂರಿಸು ಆಗುವ ಹಾಗೆ. ಗುಂಪು ಎನ್ನುವ ಅರ್ಥದ ನಾಮಪದ ಹಳೆಯ ಫ್ರೆಂಚಿನ ಹಾದಿ ಹಿಡಿದು ಲ್ಯಾಟಿನ್ನಿನ ‘ಸೆಕ್ಟಾ’ದಿಂದ ಬಂದದ್ದು, ಅನುಯಾಯಿಗಳ ಗುಂಪು, ಪಂಥ ಎಂದು ಅದರ ಮೂಲಾರ್ಥ. ಉಚ್ಚಾರ ಒಂದೇ ಆದದ್ದರಿಂದ ಎರಡೂ ಬೆರೆತುಹೋದವು.

ಈ ಎರಡೂ ಬೇರುಗಳು ನಮ್ಮ ಬಡಾವಣೆಯಲ್ಲಿ ಒಟ್ಟಿಗೆ ಸಿಗಬೇಕೆಂದರೆ ನವರಾತ್ರಿಗೆ ಕಾಯಬೇಕು. ಹಬ್ಬ ಹದಿನೈದು ದಿನ ಇದೆಯೆನ್ನುವಾಗಲೇ ಗೊಂಬೆ ಅಂಗಡಿಗಳಲ್ಲಿ ದಶಾವತಾರದ ಸೆಟ್ಟು, ಅಷ್ಟಲಕ್ಷ್ಮಿಯರ ಸೆಟ್ಟು, ಮದುವೆ ದಿಬ್ಬಣದ ಸೆಟ್ಟು ಬಂದು ಕೂರುತ್ತವೆ. ಮನೆಯಲ್ಲಿ ವಾಮನ ಮುಕ್ಕಾಗಿದ್ದಾನೆ, ಅವನೊಬ್ಬನನ್ನೇ ಕೊಡಪ್ಪ ಎಂದರೆ ಅಂಗಡಿಯವರು ಒಪ್ಪುವುದಿಲ್ಲ. ‘ಸೆಟ್ ಒಡೆಯಲ್ಲಮ್ಮ, ತಗೊಂಡ್ರೆ ಪೂರ್ತಿ ತಗೊಳ್ಳಿ’ ಎನ್ನುತ್ತಾರೆ. ಇದು ಲ್ಯಾಟಿನ್ನಿನಿಂದ ಬಂದ ಸೆಟ್. ತಂದ ಗೊಂಬೆಗಳನ್ನು ಮನೆಯಲ್ಲಿ ಹೆಂಗಸರು ಏನು ಮಾಡುತ್ತಾರೆ? ‘ಕೂರಿಸುತ್ತಾರೆ’. ಪಟ್ಟದ ಗೊಂಬೆಗೆ ಜರಿ ಬಟ್ಟೆ ಉಡಿಸಿ ಮೇಲಿನ ಮೆಟ್ಟಿಲ ಮೇಲೆ ಕೂರಿಸಿ, ಉಳಿದವನ್ನು ಕೆಳಕ್ಕೆ ಸಾಲಾಗಿ ಕೂರಿಸುತ್ತಾರೆ. ಜರ್ಮನಿಕ್ ಬೇರಿನ ಅರ್ಥ ಇದೇ. ಆ ಕೆಲಸಕ್ಕೆ ಕನ್ನಡದಲ್ಲಿ ಇಂಗ್ಲಿಷ್ ಹತ್ತಿರವೂ ಸುಳಿದಿಲ್ಲ. ‘ಗೊಂಬೆ ಸೆಟ್ ಮಾಡಿದ್ದೀರಾ?’ ಎಂದು ಯಾರೂ ಕೇಳರು, ‘ಗೊಂಬೆ ಕೂರಿಸಿದ್ದೀರಾ?’ ಎಂದೇ ಕೇಳುತ್ತಾರೆ. ದೇವರು, ಹಬ್ಬ ಇರುವ ಕಡೆ ಹಳೆಯ ಕ್ರಿಯಾಪದ ಗಟ್ಟಿಯಾಗಿ ಉಳಿಯುತ್ತದೆ ಎಂದು ನನ್ನ ನಂಬಿಕೆ. ಗಣಪತಿಯನ್ನು ಕೂರಿಸುವ ಹುಡುಗರೂ ಬೇರೆ ಮಾತು ಆಡುವುದಿಲ್ಲ.

ನಾಮಪದವಾಗಿ ಸೆಟ್ ನಮ್ಮಲ್ಲಿ ಮಾಡಿರುವ ಸಂಸಾರ ದೊಡ್ಡದು. ಅಜ್ಜನ ಬಾಯಲ್ಲಿ ಹಲ್ಲುಸೆಟ್ಟು, ಮದುವೆ ಮೆರವಣಿಗೆಗೆ ಬ್ಯಾಂಡ್‌ಸೆಟ್ಟು, ಹೊಲದಲ್ಲಿ ಪಂಪ್‌ಸೆಟ್ಟು. ಮೋಟರು, ಪಂಪು ಎರಡೂ ಸೇರಿ ಪಂಪ್‌ಸೆಟ್; 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರ್ನಾಟಕದಲ್ಲಿ ಉಚಿತ ವಿದ್ಯುತ್ ಎಂದು ಯಾವ ಸರ್ಕಾರ ಬಂದರೂ ಸದನದಲ್ಲಿ ಆ ಪದ ಕೇಳಿಬರುತ್ತದೆ. ಶಾಲೆಯ ಗಣಿತದಲ್ಲಿ ಮಾತ್ರ ಸೆಟ್ ಎಂಬುದು ‘ಗಣ’. ಎಷ್ಟು ಚೆನ್ನಾದ ಆಯ್ಕೆ ಅದು! ಶಿವಗಣ, ದೇವಗಣ ಎನ್ನುವಾಗಿನ ಗಣವೇ ಗಣಿತದ ಪಾಠಕ್ಕೂ ಬಂತು, ಮಕ್ಕಳು ತಡವರಿಸದೆ ಕಲಿತರು.

ನನಗೆ ಎಲ್ಲಕ್ಕಿಂತ ಸಂತೋಷ ಕೊಡುವ ಪದ ಸಿನಿಮಾ ಪುಟದ್ದು: ‘ಸೆಟ್ಟೇರು’. ಹೊಸ ಚಿತ್ರ ಸೆಟ್ಟೇರಿತು ಎಂದರೆ ಚಿತ್ರೀಕರಣ ಶುರುವಾಯಿತು ಎಂದರ್ಥ. ಇಂಗ್ಲಿಷಿನಲ್ಲಿ ಸಿನಿಮಾ ಯಾವ ಸೆಟ್ಟನ್ನೂ ಏರುವುದಿಲ್ಲ. ಪಟ್ಟವೇರು, ಹಸೆಮಣೆಯೇರು, ಒಲೆಯೇರು ಎನ್ನುವ ಕನ್ನಡದ ಅಚ್ಚಿನಲ್ಲೇ ಯಾರೋ ಪತ್ರಕರ್ತರು ಇದನ್ನು ಎರಕ ಹೊಯ್ದರು. ಬಯಲಲ್ಲಿ, ಬೀದಿಯಲ್ಲಿ, ಸೆಟ್ಟೇ ಇಲ್ಲದೆ ಚಿತ್ರ ತೆಗೆದರೂ ಅದು ‘ಸೆಟ್ಟೇರು’ತ್ತದೆ. ಇದು ಅಪ್ಪಟ ಕನ್ನಡ ಪದ, ಅನುಮಾನ ಬೇಡ. ನಮ್ಮ ರಾಮಾಂಜನೇಯ ಗುಡ್ಡದ ಕೆ.ಎಚ್. ಕಲಾಸೌಧದಲ್ಲಿ ನಾಟಕವಿದ್ದ ದಿನ ಕರಪತ್ರದಲ್ಲಿ ‘ರಂಗಸಜ್ಜಿಕೆ’ ಎಂದು ಅಚ್ಚಾಗಿರುತ್ತದೆ. ಹಲಗೆ, ಚೌಕಟ್ಟು ಹೊತ್ತು ತರುವ ಹುಡುಗರು ‘ಸೆಟ್ ಹಾಕ್ಬೇಕು ಬಾರೋ’ ಎಂದು ಒಬ್ಬರನ್ನೊಬ್ಬರು ಕರೆಯುತ್ತಾರೆ. ಚಪ್ಪರ ಹಾಕು, ರಂಗೋಲಿ ಹಾಕು, ಸೆಟ್ ಹಾಕು. ಎರಡೂ ಮಾತು ಇರಲಿ. ಒಂದು ಕಾಗದಕ್ಕೆ, ಒಂದು ಬೆವರಿಗೆ.

ಗಾರೆ ಕೆಲಸದವರ ಸೆಟ್ಟಿನಲ್ಲಿ ಒಂದು ಸೊಗಸಿದೆ. ‘ಸಿಮೆಂಟ್ ಸೆಟ್ ಆಗ್ಲಿ ಸಾರ್, ಆಮೇಲೆ ನೀರು ಹೊಡೀರಿ.’ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟು 30 ನಿಮಿಷಕ್ಕೆ ಮೊದಲು ಬಿಗಿಯಲು ತೊಡಗಬಾರದು, 600 ನಿಮಿಷದೊಳಗೆ ಪೂರ್ತಿ ಬಿಗಿದಿರಬೇಕು ಎಂದು ಭಾರತೀಯ ಮಾನಕ ಹೇಳುತ್ತದೆ. ಬಿಗಿಯಾಗಿ ನಿಲ್ಲುವುದಕ್ಕೆ ಕನ್ನಡದಲ್ಲಿ ಮೊದಲಿಂದಲೂ ‘ಸೆಟೆ’ ಎಂಬ ಮಾತಿದೆ. ಸೆಟೆದು ನಿಂತ ಎನ್ನುತ್ತೇವೆ. ಎರಡಕ್ಕೂ ರಕ್ತಸಂಬಂಧವಿಲ್ಲ, ಆದರೂ ಕಿವಿಗೆ ಅಣ್ಣತಮ್ಮಂದಿರ ಹಾಗೆ ಕೇಳಿಸುತ್ತವೆ.

ಬೇಡವೆಂದು ಬಿಟ್ಟದ್ದೂ ಗಮನಿಸುವಂಥದ್ದೇ. ಸಂಜೆ ಗುಡ್ಡದ ಮೆಟ್ಟಿಲಲ್ಲಿ ಕಾಲೇಜಿನ ಮಕ್ಕಳು ‘ಸನ್‌ಸೆಟ್ ನೋಡೋಕ್ಕೆ ಬಂದ್ವಿ’ ಎನ್ನುತ್ತಾರೆ. ಅದೇ ಮಕ್ಕಳು ‘ಸೂರ್ಯ ಸೆಟ್ ಆದ’ ಎನ್ನುವುದಿಲ್ಲ. ಸೂರ್ಯ ಈಗಲೂ ಕನ್ನಡದಲ್ಲೇ ಮುಳುಗುತ್ತಾನೆ. 430 ಅರ್ಥಗಳ ಮೂಟೆ ಬಂದಿಳಿದಾಗ ಕನ್ನಡ ತನಗೆ ಬೇಕಾದ ನಾಲ್ಕಾರನ್ನು ಆರಿಸಿಕೊಂಡು ಉಳಿದದ್ದನ್ನು ವಾಪಸು ಕಳಿಸಿತು.

ಹೀಗೆ ಆರಿಸಿಕೊಂಡಷ್ಟೂ ದಿನ ಚಿಂತೆಯಿಲ್ಲ. ನನ್ನ ಚಿಂತೆ ‘ಸೆಟ್ ಆಗು’ ಎಂಬ ಒಂದೇ ಒಂದು ಮಾತಿನದು. ಹೊಸ ಕೆಲಸ ಹೇಗಿದೆ ಎಂದರೆ ‘ಇನ್ನೂ ಸೆಟ್ ಆಗಿಲ್ಲ’. ಅತ್ತೆ ಸೊಸೆಗೆ? ‘ಸೆಟ್ ಆಗಲ್ಲ’. ಮಗಳ ಮದುವೆ? ‘ಸೆಟ್ ಆಯ್ತಂತೆ’. ಈ ಅಂಗಿ ನಿಂಗೆ ಸೆಟ್ ಆಗುತ್ತೆ, ಅವನ ಲೈಫು ಸೆಟ್ ಆಯ್ತು, ಈ ಊರಿನ ನೀರು ನಂಗೆ ಸೆಟ್ ಆಗಲ್ಲ. ಇವುಗಳಲ್ಲಿ ಹೆಚ್ಚಿನವು ಇಂಗ್ಲಿಷಿನವರಿಗೂ ಗೊತ್ತಿಲ್ಲದ ಅರ್ಥಗಳು, ನಾವೇ ಹುಟ್ಟಿಸಿದವು. ಆದರೆ ಒಂದೊಂದರ ಜಾಗದಲ್ಲಿಯೂ ಮೊದಲು ಯಾರಿದ್ದರು ನೋಡಿ. ಕೆಲಸ ಕೈ ಹಿಡಿಯುತ್ತಿತ್ತು. ಅತ್ತೆ ಸೊಸೆ ಹೊಂದಿಕೊಳ್ಳುತ್ತಿದ್ದರು. ಸಂಬಂಧ ಕುದುರುತ್ತಿತ್ತು, ಕಂಕಣ ಕೂಡಿ ಬರುತ್ತಿತ್ತು. ಅಂಗಿ ಒಪ್ಪುತ್ತಿತ್ತು. ಮನುಷ್ಯ ನೆಲೆ ನಿಲ್ಲುತ್ತಿದ್ದ. ನೀರು ಒಗ್ಗುತ್ತಿತ್ತು. ಕುದುರುವುದರಲ್ಲಿ ಎರಡು ಕಡೆಯವರ ಮಾತುಕತೆ, ಚೌಕಾಸಿ, ಕಾಯುವಿಕೆ ಇದೆ. ಒಗ್ಗುವುದರಲ್ಲಿ ದೇಹಕ್ಕೆ ತಗಲುವ ಕಾಲವಿದೆ. ‘ಸೆಟ್ ಆಯ್ತು’ ಎಂದೊಡನೆ ಆ ಕಾಲ ಮಾಯವಾಗಿ, ಗುಂಡಿ ಒತ್ತಿದ ಕೂಡಲೇ ಮುಗಿದ ಕೆಲಸದಂತೆ ಕೇಳುತ್ತದೆ. ಸಿಮೆಂಟಿಗೆ ಸರಿಯಾದ ಮಾತು ಮನುಷ್ಯರ ನಂಟಿಗೆ ಸಾಲದು.

ಪಕ್ಕದ ಜಯನಗರದಲ್ಲಿ ಬಾಳಿದ ಪ್ರೊ. ಜಿ. ವೆಂಕಟಸುಬ್ಬಯ್ಯನವರು (1913–2021) ಪ್ರಜಾವಾಣಿಯ ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರ ಪದಗಳ ಪ್ರಶ್ನೆಗೆ ವರ್ಷಗಟ್ಟಲೆ ಉತ್ತರ ಬರೆದರು. ಕನ್ನಡಕ್ಕೆ ಹೊರಗಿನಿಂದ ಬಂದ ಪದಗಳಿಗಾಗಿಯೇ ‘ಎರವಲು ಪದಕೋಶ’ ಎಂಬ ನಿಘಂಟು ಮಾಡಿಕೊಟ್ಟರು. ಬಂದ ನೆಂಟರ ಹೆಸರು, ಊರು ಬರೆದಿಡುವುದೂ ಭಾಷೆಗೆ ತೋರುವ ಮರ್ಯಾದೆಯೇ. ಮುಂದಿನ ನಿಘಂಟುಗಳು ಸೆಟ್ ದೋಸೆ, ಹಲ್ಲುಸೆಟ್ಟು, ಸೆಟ್ಟೇರು ಎಂಬಿವಕ್ಕೆ ಸಂಕೋಚವಿಲ್ಲದೆ ಜಾಗ ಕೊಡಬೇಕು. ನಾವು ಮನೆಯಲ್ಲಿ ಮಾಡಬೇಕಾದ ಕೆಲಸ ಇನ್ನೂ ಸಣ್ಣದು. ಮುಂದಿನ ಸಲ ಯಾರಾದರೂ ‘ಮಗಳಿಗೆ ಎಲ್ಲಾದರೂ ಸೆಟ್ ಆಯ್ತಾ?’ ಎಂದು ಕೇಳಿದರೆ, ‘ಹೌದಮ್ಮ, ಸಂಬಂಧ ಕುದುರಿತು’ ಎಂದು ಹೇಳಿ. ಮಕ್ಕಳ ಕಿವಿಗೆ ಆ ಮಾತು ಬೀಳಲಿ.