ಅರಸೀಕೆರೆಯಲ್ಲಿ ಮೈನಸ್ 40 ಡಿಗ್ರಿ

ಕಾರಿನ ಡ್ಯಾಶ್‌ಬೋರ್ಡ್‌ನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹತ್ತಿದರೆ ಎರಡು ಥರದ ಜನ ಸಿಗುತ್ತಾರೆ. ‘ಅದೆಲ್ಲ ಮಾಮೂಲಿ, ಓಡಿಸ್ತಾ ಇರಿ’ ಅನ್ನೋರು ಕೆಲವರು, ‘ಎಂಜಿನ್ನೇ ಹೋಯ್ತು’ ಅಂತ ಹೆದರಿಸೋರು ಕೆಲವರು. ನಮ್ಮಪ್ಪನಿಗೆ ಸಿಕ್ಕಿದ್ದು ಎರಡನೇ ಥರದವರು.

ಅರಸೀಕೆರೆಯಲ್ಲಿರುವ ಅಪ್ಪ ವಾರಕ್ಕೆರಡು ಸಲ ಅಮ್ಮನನ್ನು ಡಯಾಲಿಸಿಸ್‌ಗೆ ಹಾಸನಕ್ಕೆ ಕರೆದುಕೊಂಡು ಹೋಗುತ್ತಾರೆ. ಹೋಗಿ ಬರೋದು ಸೇರಿದರೆ 80 ಕಿಲೋಮೀಟರಿಗೂ ಜಾಸ್ತಿ. ಹತ್ತು ವರ್ಷ ಹಳೆಯ ಪೆಟ್ರೋಲ್ ಕಾರಿನಲ್ಲಿ ಈ ದೀಪ ಹತ್ತಿತು. ಬೆಳಗ್ಗೆ ಸ್ಟಾರ್ಟ್ ಆಗೋಕೆ ಸತಾಯಿಸತೊಡಗಿತು. ಎಂಜಿನ್ ತಣ್ಣಗಿದ್ದರೂ ರೇಡಿಯೇಟರ್ ಫ್ಯಾನ್ ಜೋರಾಗಿ ಓಡುತ್ತಿತ್ತು. ಗ್ಯಾರೇಜಿನವರು ಸೆನ್ಸರ್, ವೈರಿಂಗ್, ಇಸಿಯು ಎಲ್ಲ ಸೇರಿಸಿ 28 ಸಾವಿರ ಅಂದರು. ಎರಡು ವಾರ ಟ್ಯಾಕ್ಸಿಯಲ್ಲಿ ಓಡಾಡಿದ ಅಪ್ಪ ಫೋನ್ ಮಾಡಿ, “ಮಾರಿಬಿಡ್ತೀನಿ ಕಣೋ. ಅವಳನ್ನ ಕೂರಿಸ್ಕೊಂಡು ಹೋಗುವಾಗ ದಾರೀಲಿ ನಿಂತುಹೋದ್ರೆ ಏನ್ ಮಾಡ್ಲಿ?” ಅಂದರು.

ಆ ಶನಿವಾರ ಊರಿಗೆ ಹೋಗುವಾಗ ಒಂದು ಬ್ಲೂಟೂತ್ ಒಬಿಡಿ ಅಡಾಪ್ಟರ್ ತಗೊಂಡೆ, 900 ರೂಪಾಯಿ. ಸ್ಟೀರಿಂಗ್ ಕೆಳಗಿರುವ 16 ಪಿನ್ನಿನ ಸಾಕೆಟ್‌ಗೆ ಸಿಕ್ಕಿಸಿ, ಇಗ್ನಿಷನ್ ಆನ್ ಮಾಡಿ, ಫೋನಿನಲ್ಲಿ ಆ್ಯಪ್ ತೆರೆದೆ. ಬಂದ ಕೋಡ್ ಪಿ0118. ಕೂಲೆಂಟ್ ತಾಪಮಾನ ಅಳೆಯುವ ಸೆನ್ಸರ್‌ನ ಸರ್ಕ್ಯೂಟ್‌ನಲ್ಲಿ ವೋಲ್ಟೇಜ್ ಇರಬೇಕಾದ್ದಕ್ಕಿಂತ ಜಾಸ್ತಿ ಅಂತ ಅರ್ಥ.

ಗಮನಿಸಬೇಕಾದ್ದು ಇಲ್ಲೇ. ಕೋಡ್ ‘ಸೆನ್ಸರ್ ಕೆಟ್ಟಿದೆ’ ಅನ್ನುವುದಿಲ್ಲ, ‘ಈ ದಾರಿಯಲ್ಲಿ ಏನೋ ಸರಿಯಿಲ್ಲ’ ಅನ್ನುತ್ತೆ. ನಮ್ಮ ಸಾಫ್ಟ್‌ವೇರ್‌ನ ಎರರ್ ಲಾಗ್ ಇದ್ದ ಹಾಗೆ. ತಪ್ಪು ಸೆನ್ಸರ್‌ನದ್ದಿರಬಹುದು, ತುಂಡಾದ ವೈರ್‌ನದ್ದಿರಬಹುದು, ಸಡಿಲವಾದ ಕನೆಕ್ಟರ್‌ನದ್ದಿರಬಹುದು, ಅಪರೂಪಕ್ಕೆ ಇಸಿಯುದ್ದೂ ಇರಬಹುದು. ಯಾವುದು ಅಂತ ನೋಡದೆ ಎಲ್ಲವನ್ನೂ ಬದಲಿಸಿದರೆ 28 ಸಾವಿರ ಆಗದೆ ಇನ್ನೇನು?

ಲೈವ್ ಡೇಟಾ ತೆರೆದೆ. ಕೂಲೆಂಟ್ ತಾಪಮಾನ ಮೈನಸ್ 40 ಡಿಗ್ರಿ! ಅಪ್ಪ ಕನ್ನಡಕ ಸರಿಮಾಡಿಕೊಂಡು, “ಅರಸೀಕೆರೇಲಾ?” ಅಂದರು.

ಈ ಸೆನ್ಸರ್ ಒಳಗಿರುವುದು ಥರ್ಮಿಸ್ಟರ್. ಬಿಸಿಯಾದಂತೆ ಅದರ ರೆಸಿಸ್ಟೆನ್ಸ್ ಇಳಿಯುತ್ತೆ, ತಣ್ಣಗಾದಂತೆ ಏರುತ್ತೆ. ಸರ್ಕ್ಯೂಟ್ ಎಲ್ಲೋ ಕಡಿದುಹೋದರೆ ಅದು ವಿಪರೀತ ಚಳಿಯ ಹಾಗೆ ಕಾಣುತ್ತೆ. ಸೆನ್ಸರ್ ಮಾತು ನಂಬುವಂತಿಲ್ಲ ಅನ್ನಿಸಿದಾಗ, ಎಂಜಿನ್ ಕಾದುಹೋಗದಿರಲಿ ಅಂತ ಇಸಿಯು ಫ್ಯಾನ್ ಓಡಿಸುತ್ತೆ. ಅಪ್ಪನನ್ನು ಹೆದರಿಸಿದ್ದ ಆ ಸದ್ದು ಕಾರಿನ ಮುನ್ನೆಚ್ಚರಿಕೆ ಅಷ್ಟೇ.

ಎಂಜಿನ್ ತಣ್ಣಗಿರುವಾಗ ಸೆನ್ಸರ್‌ನ ಕನೆಕ್ಟರ್ ಬಿಚ್ಚಿ, ಕನೆಕ್ಟರ್‌ನ ಎರಡು ಪಿನ್ನುಗಳನ್ನು ಚಿಕ್ಕ ವೈರಿನಿಂದ ಸೇರಿಸಿದೆ. ಇದು ಎರಡು ವೈರಿನ ತಾಪಮಾನ ಸೆನ್ಸರ್‌ಗೆ ಮಾತ್ರ, ಮೂರು ವೈರಿನದಕ್ಕೆ ಮಾಡಬೇಡಿ. ಮೈನಸ್ 40 ಇದ್ದ ರೀಡಿಂಗ್ 130 ದಾಟಿತು. ಅಂದರೆ ವೈರಿಂಗ್ ಸರಿಯಿದೆ, ಇಸಿಯು ಸರಿಯಿದೆ. ಸೆನ್ಸರ್‌ಗೆ ಮಲ್ಟಿಮೀಟರ್ ಹಿಡಿದೆ. ಒಳಗೇ ಕಡಿದುಹೋಗಿತ್ತು.

ಹೊಸ ಸೆನ್ಸರ್‌ಗೆ 650 ರೂಪಾಯಿ. ಹಾಕುವ ಮುಂಚೆ ಅದನ್ನೂ ಪರೀಕ್ಷಿಸಿದೆವು. ಸುಮ್ಮನಿದ್ದಾಗ 2,200 ಓಮ್ ಆಸುಪಾಸು ಇತ್ತು. ಅಮ್ಮ ಒಂದು ಹಳೇ ಲೋಟದಲ್ಲಿ ಬಿಸಿನೀರು ಕೊಟ್ಟರು. ಸೆನ್ಸರ್‌ನ ತುದಿ ಅದ್ದಿದ ಹಾಗೇ ಅಂಕಿ ಇಳಿಯತೊಡಗಿತು. ಅಪ್ಪ ಮಕ್ಕಳ ಮಾರ್ಕ್ಸ್ ಓದುವ ಮೇಷ್ಟ್ರ ಥರ ಗಟ್ಟಿಯಾಗಿ ಓದಿದರು: “ಸಾವಿರ... ಆರ್ನೂರು... ನಾನೂರು!” ಆ ಲೋಟ ಮತ್ತೆ ಅಡುಗೆಮನೆ ಸೇರಲಿಲ್ಲ. ಸೆನ್ಸರ್ ಬದಲಿಸಿ, ಚೆಲ್ಲಿದಷ್ಟು ಕೂಲೆಂಟ್ ತುಂಬಿಸಿ, ಕೋಡ್ ಅಳಿಸಿದೆವು.

ನೀವೂ ಮಾಡುವುದಾದರೆ ಇಷ್ಟು ನೆನಪಿರಲಿ. ಅಳಿಸುವ ಮುಂಚೆ ಕೋಡ್ ಬರೆದಿಟ್ಟುಕೊಳ್ಳಿ. ಅಳಿಸುವುದೇ ರಿಪೇರಿ ಅಲ್ಲ, ಕಾರಣ ಹಾಗೇ ಇದ್ದರೆ ದೀಪ ಮತ್ತೆ ಬರುತ್ತೆ. ಬಿಸಿ ಎಂಜಿನ್ನಿನ ಕೂಲೆಂಟ್ ಮುಚ್ಚಳ ತೆಗೆಯಬೇಡಿ. ಹಳದಿ ದೀಪ ಮಿನುಗುತ್ತಿದ್ದರೆ ಅಥವಾ ಆಯಿಲ್, ತಾಪಮಾನದ ಕೆಂಪು ದೀಪ ಹತ್ತಿದರೆ ಪ್ರಯೋಗ ಬೇಡ, ಗಾಡಿ ನಿಲ್ಲಿಸಿ ಮೆಕ್ಯಾನಿಕ್‌ನ ಕರೆಸಿ.

ಅಡಾಪ್ಟರ್ ಅಪ್ಪನ ಹತ್ತಿರವೇ ಬಿಟ್ಟುಬಂದೆ. ಮಾರುವ ಮಾತು ಮತ್ತೆ ಬಂದಿಲ್ಲ. ಡಯಾಲಿಸಿಸ್ ದಿನ ನಾನು ಆಫೀಸಿಗೆ ಹೊರಡುವ ಹೊತ್ತಿಗೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಾಲು ಬಂದಿರುತ್ತೆ: “ಹಾಸನ ತಲುಪಿದ್ವಿ. ಕೂಲೆಂಟ್ 88.”