ಕೆನಿ ಮ್ಯಾಲೆ, ಕಾಫಿ ಕೆಳಗ



ಮೊನ್ನೆ ಹಾಕಿದ ಫೋಟೊ ನೋಡಿ ಭಾಳ ಮಂದಿ ಕೇಳಿದ್ರಿ, "ಅಣ್ಣಾ, ಆ ಗಿಲಾಸಿನ್ಯಾಗ ಇರೋದು ಏನು? ನೀವೂ ಶುರು ಹಚ್ಚಿದ್ರೇನು?" ಅಂತ. ಇಬ್ಬರು ಇನ್‌ಬಾಕ್ಸ್‌ಗೆ ಬಂದು ಬೈದೂ ಹೋದರು. ಬ್ಯಾಸರ ಇಲ್ಲ. ಸೆರೆ ವಿರುದ್ಧ ಊರೂರು ತಿರುಗಿ ಭಾಷಣ ಮಾಡಿದವನ ಕೈಯಾಗ ಬಾರಿನ ಗಿಲಾಸು ಕಂಡ್ರ ಕೇಳಬೇಕಾದ್ದ. ನಮ್ಮಪ್ಪನ್ನ ನುಂಗಿದ್ದೂ ಅದೇ ಸೆರೆ. 2007ರಾಗ ಸಾರಾಯಿ ಬಂದ್ ಆದಾಗ ಅವ್ವ ಅತ್ತಿದ್ದು ಖುಷಿಗಲ್ಲ, "ಹತ್ತು ವರ್ಷ ಮೊದಲ ಮಾಡಬಾರದಿತ್ತೇನು" ಅಂತ.

ಆ ಗಿಲಾಸಿನ್ಯಾಗ ಇದ್ದದ್ದು ಐರಿಶ್ ಕಾಫಿ, ವಿಸ್ಕಿ ಇಲ್ಲದ್ದು. ಮಾಡಿದಾಂವ ನನ್ನ ಅಕ್ಕನ ಮಗ. ಯಂಕಂಚಿಯಿಂದ ಬೆಂಗಳೂರಿಗೆ ಹೋಗಿ ಹೋಟೆಲ್ ಕೆಲಸ ಕಲಿತು, ಈಗ ಒಂದು ದೊಡ್ಡ ಹೋಟೆಲಿನ ಬಾರ್ ಕೌಂಟರ್ ಹಿಂದ ನಿಂತಾನ. ಹನಿ ಬಾಯಿಗೆ ಹಾಕಂಗಿಲ್ಲ. ರಜಾ ದಿನ ಅವನ ರೂಮಿಗೆ ಹೋದಾಗ, "ಮಾಮಾ, ನಿಮಗೊಂದು ನನ್ನ ಕೈಚಳಕ ತೋರಸ್ತೀನಿ, ಕುಂದರ್ರಿ" ಅಂದ.

ಮೊದಲು ಗಿಲಾಸಿಗೆ ಬಿಸಿನೀರು ಹಾಕಿ ಚೆಲ್ಲಿದ, ಗಾಜು ಬೆಚ್ಚಗಾಗಲಿ ಅಂತ. ಒಂದು ಚಮಚ ಕಂದು ಸಕ್ಕರಿ, ಅದರ ಮ್ಯಾಲೆ 120 ಎಂ.ಎಲ್. ಸುಡುಸುಡು ಗಟ್ಟಿ ಕಾಫಿ. ಗಿರಾಕಿಗಾದ್ರ 50 ಎಂ.ಎಲ್. ಐರಿಶ್ ವಿಸ್ಕಿನೂ ಬೀಳತೈತಿ. ಸಕ್ಕರಿ ಕರಗೋತನ ತಿರುವಿದ. ಆಮ್ಯಾಲೆ ತಣ್ಣನ ಕೆನಿ. ಅದನ್ನ ಪೂರ್ತಿ ಕಡೀಬಾರದು. ಸುರುವಿದ್ರ ಹರೀಬೇಕು, ಆದ್ರ ನೀರಾಗಿರಬಾರದು. ಚಮಚ ಬೋರಲು ಹಿಡಿದು ಅದರ ಬೆನ್ನ ಮ್ಯಾಲಿಂದ ಮೆಲ್ಲಕ ಬಿಟ್ಟ. ಕರಿ ಕಾಫಿ ಮ್ಯಾಲೆ ಬಿಳಿ ಕೆನಿ ಗೆರೆ ಕೊಯ್ದಂಗ ನಿಂತಿತು. ತಿರುವಂಗಿಲ್ಲ. ತಣ್ಣನ ಕೆನಿಯೊಳಗಿಂದ ಬಿಸಿ ಕಾಫಿ ತುಟಿಗೆ ಬರಬೇಕು.

ಗುಟ್ಟು ಸಕ್ಕರಿಯೊಳಗೈತಿ. ಸಕ್ಕರಿ ಕರಗಿದ್ರ ಕಾಫಿ ಭಾರ ಆಗತೈತಿ, ಕೊಬ್ಬಿರೋ ಕೆನಿ ಹಗುರ, ಅದಕ್ಕ ತೇಲತೈತಿ. ಮದ್ಯ ನೀರಿಗಿಂತ ಹಗುರ, ಅದನ್ನ ಕೂಡಿಸಿದ್ರ ಕಾಫಿಯ ಭಾರ ಕಮ್ಮಿ ಆಗತೈತಿ. ಅಂದ್ರ ಸೆರೆ ಇಲ್ಲದಿದ್ರ ಕೆನಿ ಇನ್ನೂ ಚಲೋ ತೇಲತೈತಿ! (ಮುಂದಿನ ಭಾಷಣಕ್ಕ ಇದನ್ನ ಇಟ್ಕೊಂಡೀನಿ.)

ಇದರ ಹುಟ್ಟಿನ ಕಥೆನೂ ಅವನೇ ಹೇಳಿದ. ಎರಡನೇ ಮಹಾಯುದ್ಧದ ಕಾಲ. ಐರ್ಲೆಂಡಿನ ಶಾನನ್ ನದಿ ದಂಡಿಗೆ ಫೊಯ್ನ್ಸ್ ಅಂತ ಊರು, ನೀರಿನ ಮ್ಯಾಲೆ ಇಳಿಯೋ ವಿಮಾನಗಳ ನಿಲ್ದಾಣ. ಒಂದು ಚಳಿಗಾಲದ ರಾತ್ರಿ ಅಮೆರಿಕದ ಕಡೆ ಹೊಂಟ ವಿಮಾನ ಹವಾಮಾನ ಕೆಟ್ಟು ವಾಪಸ್ ಬಂತಂತ. ನಡುಗುತ್ತಿದ್ದ ಪ್ರಯಾಣಿಕರಿಗೆ ಅಲ್ಲಿನ ಅಡುಗೆಯವ ಜೋ ಶೆರಿಡನ್ ಕಾಫಿಗೆ ವಿಸ್ಕಿ ಬೆರೆಸಿ ಕೊಟ್ಟ. 1952ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಬ್ಯೂನಾ ವಿಸ್ಟಾ ಕೆಫೆಯವರು ಇದನ್ನ ಮಾಡಾಕ ಹೋದರು. ಕೆನಿ ಮುಳುಗೋದು, ಮತ್ತ ಮಾಡೋದು, ಮತ್ತ ಮುಳುಗೋದು. ಕಡೀಕ ಕೆನಿಯನ್ನ 48 ತಾಸು ಇಟ್ಟು ಆಮ್ಯಾಲೆ ಕಡೀರಿ ಅಂತ ದಾರಿ ತೋರಿಸಿದಾಂವ ಡೈರಿ ನಡೆಸುತ್ತಿದ್ದ ಜಾರ್ಜ್ ಕ್ರಿಸ್ಟೋಫರ್. ಮುಂದ ಆತ ಆ ಊರಿನ ಮೇಯರೂ ಆದ.

ನನಗ ಹಿಡಿಸಿದ್ದು ಒಂದೇ: ಅಡುಗೆಯವನ ಹೆಸರು ಉಳೀತು. ನಮ್ಮಲ್ಲಿ ಬಾಬಾಬುಡನ್ ಏಳು ಕಾಫಿ ಬೀಜ ತಂದ ಕಥೆ ಎಲ್ಲಾರಿಗೂ ಗೊತ್ತು. ದೇಶದ ಕಾಫಿಯೊಳಗ ಸುಮಾರು ನೂರಕ್ಕ ಎಪ್ಪತ್ತರಷ್ಟು ಕರ್ನಾಟಕದ್ದು ಅನ್ನೋದೂ ಗೊತ್ತು. ಚಿಕ್ಕಮಗಳೂರು, ಕೊಡಗಿನ ಲೈನ್ ಮನೆಗಳಾಗ ಇದ್ದು ಆ ಹಣ್ಣು ಬಿಡಿಸಿದ ನಮ್ಮ ಮಂದಿ ಹೆಸರು ಯಾವ ಕಪ್ಪಿನ ಮ್ಯಾಲೂ ಇಲ್ಲ.

ನಮ್ಮ ಸಿಂದಗಿ ಕಡೆ ಕಾಫಿ ಎಲ್ಲಿಂದ ಬರಬೇಕು, ಚಾ ಕುಡಿಯೋ ಮಂದಿ ನಾವು. ಆ ಚಾಕ್ಕೂ ಒಂದು ಗಿಲಾಸಿತ್ತು. ಸಣ್ಣಾಂವ ಇದ್ದಾಗ ಅಪ್ಪನ ಜೋಡಿ ಹೋದ ಒಂದು ಹೋಟೆಲು, ಊರ ಹೆಸರು ಬ್ಯಾಡ. ನಮ್ಮ ಗಿಲಾಸು ಹೊರಗ ಚಪ್ಪರದ ಬೊಂಬಿಗೆ ಸಿಗಿಸಿರ್ತಿತ್ತು. ನಾವೇ ತಗೋಬೇಕು, ಅವರು ಮ್ಯಾಲಿಂದ ಸುರುವಬೇಕು, ಕುಡಿದು ನಾವೇ ತೊಳೆದು ಸಿಗಿಸಬೇಕು. ರೊಕ್ಕ ಮಾತ್ರ ಎಲ್ಲಾರಿಗೂ ಒಂದೇ. ಹೋಟೆಲಿಗೆ ಹೋಗೋದನ್ನ ಜಾತಿ ಹೆಸರಿನ್ಯಾಗ ತಡೀಬಾರದು ಅಂತ ಬಾಬಾಸಾಹೇಬರ ಸಂವಿಧಾನದ 15(2)ನೇ ವಿಧಿ ಹೇಳತೈತಿ. ಬೊಂಬಿನ ಗಿಲಾಸಿಗೆ ಅದನ್ನ ಯಾರೂ ಓದಿ ಹೇಳಿರಲಿಲ್ಲ.

ಈಗ ನಮ್ಮ ಹುಡುಗ ಸುರುವಿದ್ದನ್ನ ಸೂಟು ಹಾಕಿದ ಮಂದಿ ಕುಡೀತಾರ ಅಂತ ನನಗ ಒಳಗೊಳಗ ಹೆಮ್ಮೆ. ಅದನ್ನ ಹೇಳಾಕ ಬಾಯಿ ತೆರೆಯೋದ್ರಾಗ, ಅಂವ ಇನ್ನೊಂದು ಗಿಲಾಸು ತೆಗೆಯಾಕ ಕಪಾಟು ತೆರೆದ. ಒಳಗ, ಅರಿವಿ ಮಡಿಕೆಗಳ ಹಿಂದ, ಬಾಬಾಸಾಹೇಬರ ಫೋಟೊ. ಅಂವ ಊರು ಬಿಡೋವಾಗ ನಾನೇ ಕೊಟ್ಟಿದ್ದು.

"ಗ್ವಾಡಿಗೆ ಯಾಕ ಹಾಕಿಲ್ಲೋ ಅಳಿಯಾ?"

"ರೂಮಿನ ಮಾಲಕರು ಬಂದು ಹೋಗ್ತಾರ ಮಾಮಾ. ಇದು ಐದನೇ ರೂಮು. ಮುಂಜಾನೆ ಎದ್ದು ಕಪಾಟು ತೆರೆದು ಕೈ ಮುಗೀತೀನಿ."

ಇಪ್ಪತ್ತು ವರ್ಷ ಮೈಕ್ ಹಿಡಿದಾಂವ ನಾನು. ಒಂದು ಮಾತು ಹೊರಡಲಿಲ್ಲ. ಹಾಕೋ ಅಂತ ಹೇಳಾಕ ಅವನ ಬಾಡಿಗಿ ನಾನು ಕಟ್ಟಂಗಿಲ್ಲ, ಆರನೇ ರೂಮು ನಾನು ಹುಡುಕಂಗಿಲ್ಲ. ಕಾಫಿ ಕುಡಿದೆ. ಚಲೋ ಇತ್ತು. ಫೋಟೊದಾಗ ಬರೇ ಗಿಲಾಸು ಕಂಡಿದ್ದು ಅದಕ್ಕ. ಇದನ್ನ ಬರೀಲೇನು ಅಂತ ಕೇಳಿದೆ. "ನನ್ನ ಹೆಸರು, ಹೋಟೆಲಿನ ಹೆಸರು ಬಿಟ್ಟು ಬರೀರಿ" ಅಂದ.

ಊರಿಗೆ ಬಂದ ಮ್ಯಾಲೆ ಅವ್ವಗ ಮಾಡಿಕೊಟ್ಟೆ. ಪುಡಿ ಕಾಫಿ, ಬೆಲ್ಲ, ಎಮ್ಮಿ ಹಾಲಿನ ಕೆನಿ, ಸ್ಟೀಲಿನ ಗಿಲಾಸು. ಮೊದಲ ಸಲ ಕೆನಿ ಮುಳುಗಿತು, ಎರಡನೇ ಸಲ ಅರ್ಧ ತೇಲಿತು. ಅವ್ವ ತುಟಿ ಮ್ಯಾಲಿನ ಕೆನಿ ಸೆರಗಿಲೆ ಒರಸಿಕೊಂಡು ಕೇಳಿದಳು.

"ದೊಡ್ಡ ದೊಡ್ಡ ಮಂದಿ ಕುಡೀತಾರೇನು ನಮ್ಮ ಹುಡುಗನ ಕೈಲಿ?"

"ಹೂಂ ಯವ್ವಾ."

"ಅಂವ ಯಾರ ಪೈಕಿ ಅಂತ ಗೊತ್ತಿದ್ದೂ?"

ನಾನು ಗಿಲಾಸು ಇಸಕೊಂಡು ತೊಳೆಯಾಕ ಎದ್ದೆ.