ಹಳಿ ಕಿತ್ತ ಹಾದಿಯಲ್ಲಿ



ಪೀಠಸ್ಥರಾದವರು ಸೈಕಲ್ ಏರಬಹುದೇ ಎಂಬ ಪ್ರಶ್ನೆಯನ್ನು ನಮಗೆ ಯಾರೂ ಕೇಳಿರಲಿಲ್ಲ. ಕೇಳುವ ಪ್ರಸಂಗವೂ ಒದಗಿರಲಿಲ್ಲ. ಧಾರವಾಡದಲ್ಲಿ ಎಂ.ಎ. ಓದುತ್ತಿದ್ದ ಕಾಲದಲ್ಲಿ ವಿಶ್ವವಿದ್ಯಾಲಯದ ಗುಡ್ಡವನ್ನು ನಿತ್ಯವೂ ಸೈಕಲ್ ತುಳಿದೇ ಹತ್ತಿದವರು ನಾವು. ಪಟ್ಟಾಧಿಕಾರವಾದ ಮರುದಿನ ಅದನ್ನು ಪ್ರಸಾದನಿಲಯದ ವಿದ್ಯಾರ್ಥಿಯೊಬ್ಬನಿಗೆ ಕೊಟ್ಟುಬಿಟ್ಟೆವು. ಹೀಗಿರುತ್ತ ಈಚೆಗೆ, ಜೂನ್ ತಿಂಗಳ ಮೊದಲ ವಾರದಲ್ಲಿ, ಭಕ್ತರ ಆಮಂತ್ರಣದಂತೆ ಅಮೆರಿಕದ ವಿಸ್ಕಾನ್ಸಿನ್ ರಾಜ್ಯಕ್ಕೆ ಹೋಗಿದ್ದಾಗ, ನಮ್ಮ ಪ್ರಸಾದನಿಲಯದಲ್ಲಿಯೇ ಬೆಳೆದು ಈಗ ಅಲ್ಲಿ ಇಂಜಿನಿಯರ್ ಆಗಿರುವ ಶಿಷ್ಯರೊಬ್ಬರು, “ಅಜ್ಜಾರ, ನಾಳೆ ಒಂದ್ ಹಾದಿ ತೋರಸ್ತೀನ್ರಿ. ಆದ್ರ ಅಲ್ಲಿ ಕಾರ್ ಹೋಗೂದಿಲ್ಲ” ಎಂದು ಅಳುಕುತ್ತ ಬಿನ್ನವಿಸಿದರು. ಪ್ರಾತಃಕಾಲದ ಲಿಂಗಪೂಜೆಯನ್ನು ಪೂರೈಸಿ, ಕಾವಿಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಹೊರಟೆವು.

ಎಲ್ರಾಯ್ ಎಂಬ ಊರಿನಿಂದ ಸ್ಪಾರ್ಟಾ ಎಂಬ ಊರಿನವರೆಗೆ 32 ಮೈಲಿ ಉದ್ದದ ಹಾದಿ ಅದು. 1873ರಲ್ಲಿ ಅಲ್ಲಿ ರೈಲು ಓಡತೊಡಗಿತು. ಮೋಟಾರುಗಳು ಹೆಚ್ಚಿದಂತೆ ಪ್ರಯಾಣಿಕರೂ ಸರಕೂ ಕಡಿಮೆಯಾಗಿ 1964ರಲ್ಲಿ ನಿಂತುಹೋಯಿತು. ಆ ಜಾಗವನ್ನು ರಾಜ್ಯದವರು ಕೊಂಡು, ಹಳಿ ಕಿತ್ತ ನೆಲಕ್ಕೆ ಸುಣ್ಣಕಲ್ಲಿನ ಪುಡಿ ಹಾಸಿ, 1967ರಲ್ಲಿ ಸೈಕಲ್ ಸವಾರರಿಗಾಗಿ ತೆರೆದರು. ಹದಿನಾರು ವರ್ಷ ತುಂಬಿದ ಸವಾರರೆಲ್ಲರೂ ಚೀಟಿ ಪಡೆಯಬೇಕು. ಜಗದ್ಗುರುಗಳಿಗೂ ರಿಯಾಯಿತಿ ಇಲ್ಲ.

ಮೊದಲ ಅರ್ಧ ಮೈಲಿ ನಮ್ಮ ಲಕ್ಷ್ಯವೆಲ್ಲ ಬೀಳದಿರುವುದರಲ್ಲಿಯೇ ಇತ್ತು. ಆಮೇಲೆ ಕಾಲುಗಳು ಧಾರವಾಡವನ್ನು ನೆನೆದವು. ಇಕ್ಕೆಲಗಳಲ್ಲಿ ಓಕ್, ಮೇಪಲ್ ಮರಗಳ ದಟ್ಟ ಅಡವಿ. ಮೇಲೆ ಕೊಂಬೆಗಳು ಕೂಡಿಕೊಂಡು ಹಂದರ ಹಾಕಿದ್ದವು. ಚಕ್ರದಡಿಯಲ್ಲಿ ಕಲ್ಲುಪುಡಿಯ ಸರಸರ ಸದ್ದು, ಹಕ್ಕಿಗಳ ದನಿ, ಇಷ್ಟೇ. ಸಣ್ಣ ಮಕ್ಕಳು ನಮ್ಮನ್ನು ಹಿಂದೆ ಹಾಕಿ ಮುಂದೆ ಹೋದರು; ಹೋಗಲಿ ಎಂದೆವು. ಸುತ್ತ ಗುಡ್ಡಗಳಿದ್ದರೂ ಏರಿನ ದಣಿವೇ ತಿಳಿಯದು. ರೈಲು ಕಡಿದಾದ ಏರನ್ನು ಹತ್ತಲಾರದು. ಆದ್ದರಿಂದ ಅಂದಿನ ಕೆಲಸಗಾರರು ತಗ್ಗನ್ನು ತುಂಬಿ, ದಿಬ್ಬವನ್ನು ಕಡಿದು, ಅಡ್ಡ ಬಂದ ಮೂರು ಗುಡ್ಡಗಳನ್ನು ಕೊರೆದಿದ್ದರು. ಉಗಿಬಂಡಿಗಾಗಿ ಅವರು ಸುರಿಸಿದ ಬೆವರು ಇಂದು ಐವತ್ತು ದಾಟಿದ ಸನ್ಯಾಸಿಯ ಮೊಣಕಾಲಿಗೆ ದಾಸೋಹವಾಗಿ ಒದಗಿತು. ಇಲ್ಲಿ ಜಂಗಮವಾದ ಬಂಡಿ ಹೋಗಿ ಸ್ಥಾವರವಾದ ದಾರಿ ಉಳಿದಿದೆಯಲ್ಲ, ಇದು ನಮ್ಮ ಸಿದ್ಧಾಂತಕ್ಕೆ ವಿರುದ್ಧವಲ್ಲವೇ ಎಂದು ತಾವು ಕೇಳಬಹುದು. ಜನ ನಡೆಯುತ್ತಿರುವ ದಾರಿಯನ್ನು ಸ್ಥಾವರವೆನ್ನಲು ನಮಗೆ ಮನಸ್ಸು ಬಾರದು. ಉಳಿದ ತರ್ಕವನ್ನು ಪಂಡಿತರಿಗೆ ಬಿಟ್ಟಿದ್ದೇವೆ.

ನಾರ್ವಾಕ್ ಎಂಬ ಊರು ದಾಟಿದ ಮೇಲೆ ಮೂರನೆಯ ಸುರಂಗ. ಅದರ ಉದ್ದ 3,810 ಅಡಿ. ಅಲ್ಲಿ ಸವಾರಿ ಸಲ್ಲದು. ಇಳಿದು, ದೀಪ ಹಿಡಿದು, ಸೈಕಲ್ ನೂಕಿಕೊಂಡೇ ನಡೆಯಬೇಕು. ಬಾಯಲ್ಲಿ ಎತ್ತರದ ಮರದ ಕದಗಳಿವೆ. ಒಳಗೆ ಒಸರುವ ನೀರು ಹೆಪ್ಪುಗಟ್ಟಿ ಕಲ್ಲುಗಳು ಸೀಳದಿರಲೆಂದು ಚಳಿಗಾಲದಲ್ಲಿ ಆ ಕದಗಳನ್ನು ಮುಚ್ಚಿಡುತ್ತಿದ್ದರಂತೆ. ಬಂಡಿ ಬರುವಾಗ ತೆರೆದು, ಹೋದಮೇಲೆ ಮುಚ್ಚಲು ಒಬ್ಬ ಕಾವಲುಗಾರ. ಹಿಮದ ರಾತ್ರಿಗಳಲ್ಲಿ ಪುಟ್ಟ ಗುಡಿಸಲಿನಲ್ಲಿ ಕಿವಿಗೊಟ್ಟು ಕುಳಿತ ಆ ಮನುಷ್ಯನ ಮುಖವನ್ನು ಬಂಡಿಯಲ್ಲಿ ನಿದ್ರಿಸುತ್ತ ಹೋದವರು ಯಾರು ಕಂಡಾರು? ಕಾಯಕವೆಂಬ ಮಾತು ನಮ್ಮ ನಾಲಗೆಯ ಮೇಲೆ ಹಗುರವಾಗಿ ಆಡುತ್ತದೆ. ಆ ಕದದ ಮುಂದೆ ಅದು ಕೊಂಚ ಭಾರವಾಯಿತು.

ಒಳಗೆ ಹೋದಂತೆ ಬೆನ್ನಹಿಂದಿನ ಬೆಳಕು ಕಿರಿದಾಗುತ್ತ ಬಂತು. ಮೇಲಿನಿಂದ ತಣ್ಣನೆಯ ಹನಿಗಳು, ಪಕ್ಕದಲ್ಲಿ ನೀರು ಹರಿಯುವ ಸದ್ದು. ಆ ಕತ್ತಲೆಯಲ್ಲಿ ಶಿಷ್ಯರು ನಗುತ್ತ, “ಅಜ್ಜಾರ, ಕರೆಂಟ್ ಹೋದಾಗ ಪಾಠಶಾಲಿ ಪಡಸಾಲ್ಯಾಗ ಹಿಂಗ ಗ್ವಾಡಿ ಹಿಡಕೊಂಡು ಹೋಗತಿದ್ವಿ. ಈಗ ಅದು ಹ್ಯಾಂಗ ಐತ್ರಿ?” ಎಂದರು. ನಮಗೆ ಉತ್ತರ ಹೊಳೆಯಲಿಲ್ಲ. “ನೀರೈತಿ, ನೋಡಿ ನಡಿ” ಎಂದೆವು.

ಬಂಧುಗಳೇ, ಲಿಂಗೈಕ್ಯ ಗುರುಗಳು ಕಟ್ಟಿಸಿದ ಆ ಸಂಸ್ಕೃತ ಪಾಠಶಾಲೆಗೆ ಬೀಗ ಬಿದ್ದು ಎರಡು ವರ್ಷಗಳಾದವು. ಕಡೆಯ ವರ್ಷದಲ್ಲಿ ನಾಲ್ವರೇ ವಿದ್ಯಾರ್ಥಿಗಳಿದ್ದರು. ಕಟ್ಟಡವನ್ನು ಕೆಡವಿ, ನಿವೇಶನವನ್ನು ಹನ್ನೆರಡು ಅಂಗಡಿಗಳಾಗಿ ವಿಭಾಗಿಸಿ ದೀರ್ಘ ಗೇಣಿಗೆ ಕೊಡಬೇಕೆಂಬ ಕಾಗದ ನಮ್ಮ ಸಹಿಗಾಗಿ ಕಾದಿತ್ತು. ಸಲಹೆ ಕೊಟ್ಟವರು ಮಠದ ಹಿತವನ್ನೇ ಬಯಸುವವರು. ದಾಸೋಹದ ಖರ್ಚು ನಿಜವಾಗಿಯೂ ಏರಿದೆ. ಪ್ರವಾಸದಿಂದ ಬಂದೊಡನೆ ಸಹಿ ಮಾಡುವೆವೆಂದು ಮಾತನ್ನೂ ಕೊಟ್ಟಿದ್ದೆವು.

ಸುರಂಗದಾಚೆ ಬಿಸಿಲಿನಲ್ಲಿ ಕುಳಿತಾಗ ಶಿಷ್ಯರು ಇನ್ನೊಂದು ಸಂಗತಿ ಹೇಳಿದರು. ಆ ದೇಶದಲ್ಲಿ 1983ರಲ್ಲಿ ಒಂದು ಕಾನೂನಾಯಿತು: ರೈಲು ಕಂಪನಿ ಕೈಬಿಡುವ ದಾರಿಯನ್ನು ತುಂಡು ಮಾಡದೆ, ಮುಂದೆಂದಾದರೂ ರೈಲಿಗೆ ಬೇಕಾದೀತೆಂದು ಕಾದಿಟ್ಟು, ಅಲ್ಲಿಯವರೆಗೆ ಕಾಲುಹಾದಿಯಾಗಿ ಬಳಸಬಹುದು. ಭೂಮಿ ನಮಗೆ ಮರಳಬೇಕಿತ್ತೆಂದು ಪಕ್ಕದ ಹೊಲದವರು ನ್ಯಾಯಾಲಯಕ್ಕೆ ಹೋದರು. 1990ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಕಾನೂನನ್ನು ಎತ್ತಿಹಿಡಿಯಿತು. ಹೊಲದವರ ಅಳಲೂ ಸುಳ್ಳಲ್ಲ. ಆದರೂ 32 ಮೈಲಿಯ ದಾರಿಯನ್ನು ಒಮ್ಮೆ ನೂರು ಜನರಿಗೆ ಹಂಚಿದರೆ ಮತ್ತೆ ಕೂಡಿಸುವವರಾರು?

ಊರಿಗೆ ಬಂದು ಬೀಗ ತೆಗೆಸಿದ್ದೇವೆ. ಛಾವಣಿ ಎರಡು ಕಡೆ ಸೋರುತ್ತಿದೆ; ಗೋಡೆಗಳು ಗಟ್ಟಿಯಾಗಿವೆ. ಅಲ್ಲಿ ಹೆಣ್ಣುಮಕ್ಕಳ ವಾಚನಾಲಯವೋ, ಹೊಲಿಗೆಯ ಶಾಲೆಯೋ, ಸಂಜೆ ವಚನ ಪಾಠವೋ, ಏನಾಗಬೇಕೆಂದು ನಾವೊಬ್ಬರೇ ನಿರ್ಧರಿಸಲಾರೆವು. ಹಣದ ದಾರಿಯೂ ಇನ್ನೂ ಕಂಡಿಲ್ಲ. ಶ್ರಾವಣ ಮಾಸದ ಮೊದಲ ಸೋಮವಾರ ಸಂಜೆ ಅದೇ ಪಡಸಾಲೆಯಲ್ಲಿ ಸಭೆ ಕರೆದಿದ್ದೇವೆ. ಅಲ್ಲಿ ಓದಿದವರು ಬರಬೇಕು. ಬರಲಾಗದವರು ತಮ್ಮ ಅಭಿಪ್ರಾಯವನ್ನು ಬರೆದು ಕಳಿಸಬೇಕು. ಅಂಗಡಿಗಳೇ ಆಗಲಿ ಎನ್ನುವವರೂ ಸಂಕೋಚವಿಲ್ಲದೆ ಬರೆಯಿರಿ. ಕಾಗದ ಇನ್ನೂ ನಮ್ಮ ಮೇಜಿನ ಮೇಲಿದೆ, ಸಹಿ ಬಿದ್ದಿಲ್ಲ.